ಮಿಯಾಟಾ ಕಾರಿಗೆ ಹಗುರ ಫ್ಲೈವೀಲ್ ಹಾಕ್ಸಿ ಒಂದು ವರ್ಷ ಆಯ್ತು, ಹೇಗಿದೆ ಅಂದ್ರೆ

ಹಾಸನದಲ್ಲಿರೋ ಚಿಕ್ಕಪ್ಪನ ಮಗ ಫೋನಲ್ಲಿ ಮೊದಲು ಕೇಳಿದ್ದೇ "ಅಣ್ಣಾ, ಎಷ್ಟು ಪವರ್ ಜಾಸ್ತಿ ಆಯ್ತು?" ಅಂತ. ಒಂದು ಹಾರ್ಸ್‌ಪವರ್ರೂ ಇಲ್ಲ ಕಣೋ ಅಂದೆ. ಮತ್ಯಾಕೆ ದುಡ್ಡು ಸುರಿದೆ ಅಂದ. ಅವನಿಗೆ ಫೋನಲ್ಲಿ ಪೂರ್ತಿ ಹೇಳೋಕಾಗ್ಲಿಲ್ಲ, ಇಲ್ಲಿ ಬರೀತಿದೀನಿ.

ನನ್ನ ಗಾಡಿ 1990ರ ಮಾಜ್ದಾ ಎಂಎಕ್ಸ್-5, ಇಲ್ಲಿ ಅಮೆರಿಕದಲ್ಲಿ ಎಲ್ಲರೂ ಮಿಯಾಟಾ ಅಂತಾರೆ. 1.6 ಲೀಟರ್ ಇಂಜಿನ್, 116 ಹಾರ್ಸ್‌ಪವರ್, ಐದು ಗೇರು, ತೂಕ ಒಂದು ಟನ್ ಒಳಗೆ. ಹೋದ ವರ್ಷ ಕ್ಲಚ್ ಸ್ಲಿಪ್ ಆಗೋಕೆ ಶುರುವಾಯ್ತು, ಹೇಗಿದ್ರೂ ಗೇರ್‌ಬಾಕ್ಸ್ ಇಳಿಸ್ಲೇಬೇಕು, ಇಳಿಸಿದ ಮೇಲೆ ಫ್ಲೈವೀಲ್ (ಇಂಜಿನ್ ಜೊತೆ ತಿರುಗೋ ಭಾರದ ಚಕ್ರ) ಕೈಗೆ ಸಿಗೋ ಜಾಗದಲ್ಲೇ ಇರತ್ತೆ, ಅದನ್ನೂ ಬದಲಾಯಿಸೋಣ ಅಂತ ಒಂದೇ ಪೀಸ್ ಕ್ರೋಮೋಲಿ ಸ್ಟೀಲಿಂದು (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಗಟ್ಟಿ ಉಕ್ಕು) ತರಿಸಿದೆ. ಬರೀ ಫ್ಲೈವೀಲ್‌ಗೋಸ್ಕರ ಗೇರ್‌ಬಾಕ್ಸ್ ಇಳಿಸೋಕೆ ಹೋಗ್ಬೇಡಿ, ಸಾಮಾನಿಗಿಂತ ಲೇಬರ್ರೇ ಜಾಸ್ತಿ ಆಗತ್ತೆ. ಹಳೇದನ್ನೂ ಹೊಸದನ್ನೂ ಮನೇಲಿ ತೂಕ ನೋಡ್ಕೊಳ್ಳೋ ಮೆಷಿನ್ ಮೇಲೆ ಇಟ್ಟು ನೋಡಿದೆ, ಹಳೇದು 8 ಕೆಜಿ ಹತ್ತಿರ, ಹೊಸದು 4 ಕೆಜಿ ಚಿಲ್ಲರೆ. ಅಂದ್ರೆ ಸುಮಾರು ಅರ್ಧ.

ಫ್ಲೈವೀಲ್ ಕೆಲಸ ಏನು ಅಂತ ಗೊತ್ತಾಗ್ಬೇಕಾದ್ರೆ ಊರ ಕಡೆ ಹಿಟ್ಟಿನ ಗಿರಣಿಯ ಹಳೇ ಡೀಸೆಲ್ ಇಂಜಿನ್ ನೆನಪು ಮಾಡ್ಕೊಳ್ಳಿ, ಪಕ್ಕದಲ್ಲಿ ದೊಡ್ಡ ಕಬ್ಬಿಣದ ಚಕ್ರ ತಿರುಗ್ತಿರತ್ತೆ, ಹ್ಯಾಂಡಲ್ ಹಾಕಿ ತಿರುಗಿಸಿ ಶುರು ಮಾಡೋಕೆ ಇಬ್ಬರು ಬೇಕು, ಇಂಜಿನ್ ಆಫ್ ಮಾಡಿದ್ಮೇಲೂ ಆ ಚಕ್ರ ಸುಮಾರು ಹೊತ್ತು ಸುತ್ತುತ್ತಾನೇ ಇರತ್ತೆ. ಸಿಲಿಂಡರಲ್ಲಿ ಎರಡು ಸುತ್ತಿಗೆ ಒಂದು ಸಲ ಮಾತ್ರ ಬೆಂಕಿ, ಮಿಕ್ಕಿದ್ದನ್ನ ದಾಟಿಸೋದು ಆ ಚಕ್ರದ ಭಾರ. ಕಾರಲ್ಲೂ ಅದೇ, ಚಿಕ್ಕದು ಅಷ್ಟೇ. ಭಾರ ಇದ್ರೆ ಇಂಜಿನ್ ನಯವಾಗಿ ಓಡತ್ತೆ ಆದ್ರೆ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಹಾಕೋ ಸುತ್ತು) ಏರೋಕೂ ಟೈಮು, ಇಳಿಯೋಕೂ ಟೈಮು.

ಪವರ್ ಜಾಸ್ತಿ ಆಗಲ್ಲ, ಆದ್ರೆ ಆ ಚಕ್ರವನ್ನೇ ತಿರುಗಿಸೋಕೆ ಖರ್ಚಾಗ್ತಿದ್ದ ಶಕ್ತಿ ಉಳಿದು ಗಾಡಿ ಎಳೆಯೋಕೆ ಸಿಗತ್ತೆ, ಅದೂ ಆರ್‌ಪಿಎಂ ಏರ್ತಿರೋವಾಗ ಮಾತ್ರ. ನನ್ನ ಗಾಡೀಲಿ ಫಸ್ಟ್ ಗೇರಿನ ಅನುಪಾತ 3.136, ಹಿಂದಿನ ಡಿಫರೆನ್ಷಿಯಲಿಂದು 4.3, ಎರಡನ್ನೂ ಗುಣಿಸಿದ್ರೆ ಗಾಡಿಯ ಹಿಂದಿನ ಚಕ್ರ ಒಂದು ಸುತ್ತು ಹೋಗೋಷ್ಟರಲ್ಲಿ ಇಂಜಿನ್ ಹದಿಮೂರೂವರೆ ಸುತ್ತು ಹಾಕಿರತ್ತೆ, ಲೆಕ್ಕದಲ್ಲಿ ಅದರ ವರ್ಗ ಬರತ್ತೆ. ಕಮ್ಮಿಯಾದ ತೂಕ ಮಧ್ಯದಿಂದ ಸುಮಾರು 11 ಸೆಂಟಿಮೀಟರ್ ದೂರದಲ್ಲಿತ್ತು ಅಂತ ಇಟ್ಕೊಂಡು ಲೆಕ್ಕ ಹಾಕ್ದೆ, ಫಸ್ಟ್ ಗೇರಲ್ಲಿ ಗಾಡಿಯಿಂದ 110 ಕೆಜಿ ಇಳಿಸಿದ ಹಾಗೆ, ಸೆಕೆಂಡಲ್ಲಿ 40, ಥರ್ಡಲ್ಲಿ 20, ಫೋರ್ತಲ್ಲಿ 11, ಫಿಫ್ತಲ್ಲಿ 7. ಅದಕ್ಕೇ ಸಣ್ಣ ಗೇರಲ್ಲಿ ಗಾಡಿ ಚುರುಕಾಗಿದೆ ಅನ್ಸತ್ತೆ, ಹೈವೇನಲ್ಲಿ ಫಿಫ್ತಲ್ಲಿ ಹೋಗ್ತಿದ್ರೆ ಏನೂ ಗೊತ್ತಾಗಲ್ಲ. ಇನ್ನೊಂದು ವಿಷ್ಯ, ಕೊಳ್ಳೋವಾಗ ಒಟ್ಟು ತೂಕ ಮಾತ್ರ ನೋಡ್ಬೇಡಿ, ಲೋಹ ಎಲ್ಲಿಂದ ತೆಗೆದಿದಾರೆ ನೋಡಿ. ಮಧ್ಯದಿಂದ ದೂರ ಎರಡು ಪಟ್ಟಾದ್ರೆ ಪರಿಣಾಮ ನಾಲ್ಕು ಪಟ್ಟು, ಅಂಚಲ್ಲಿ ತೆಗೆದ ಒಂದು ಕೆಜಿಗೇ ಬೆಲೆ ಇರೋದು.

ಆದ್ರೆ ನಾನು ಇದನ್ನ ಇಷ್ಟಪಡೋದು ಪಿಕಪ್‌ಗಲ್ಲ, ಗೇರ್ ಹಾಕೋವಾಗ. ಸೆಕೆಂಡಲ್ಲಿ 6,500 ಆರ್‌ಪಿಎಂಗೆ ಎಳೆದು ಥರ್ಡ್ ಹಾಕಿದ್ರೆ ಇಂಜಿನ್ 4,600ರ ಹತ್ತಿರ ಇಳೀಬೇಕು. ಮುಂಚೆ ಕ್ಲಚ್ ಒತ್ತಿದ್ಮೇಲೂ ಆರ್‌ಪಿಎಂ ಮುಳ್ಳು ಮೇಲೇ ನೇತಾಡ್ತಿತ್ತು, ಬೇಗ ಕ್ಲಚ್ ಬಿಟ್ರೆ ಗಾಡಿ ಮುಂದಕ್ಕೆ ಜಗ್ಗೋದು. ಈಗ ಕೈ ಗೇರನ್ನ ಎರಡರಿಂದ ಮೂರಕ್ಕೆ ತಗೊಂಡು ಹೋಗೋಷ್ಟರಲ್ಲಿ ಮುಳ್ಳು ಬಂದು ಸರಿಯಾದ ಜಾಗದಲ್ಲಿ ಕೂತಿರತ್ತೆ, ಕ್ಲಚ್ ಬಿಟ್ಟಿದ್ದೇ ಗೊತ್ತಾಗಲ್ಲ. ಗೇರ್ ಇಳಿಸೋವಾಗ ಇನ್ನೂ ಚೆನ್ನ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವುಡ್‌ಸೈಡಿಂದ 84ರ ರಸ್ತೇಲಿ ಹತ್ಕೊಂಡು ಬೆಟ್ಟದ ನೆತ್ತಿಯ ಸ್ಕೈಲೈನ್ ರಸ್ತೆ ದಾಟಿ ಲಾ ಹೋಂಡಾ ಕಡೆ ಇಳಿಯೋ ದಾರಿ ಇದ್ಯಲ್ಲ, ಮರಗಳ ನಡುವೆ ತಿರುವು ಮೇಲೆ ತಿರುವು, ಅಲ್ಲಿ ಥರ್ಡಿಂದ ಸೆಕೆಂಡಿಗೆ ಬರೋವಾಗ 4,000 ಇರೋ ಇಂಜಿನ್ 5,700ಕ್ಕೆ ಏರ್ಬೇಕು, ಬ್ರೇಕ್ ಮೇಲೆ ಕಾಲಿಟ್ಕೊಂಡೇ ಪಾದದ ಅಂಚಿಂದ ಆಕ್ಸಿಲರೇಟರ್ ಒಂದು ಸಲ ತಟ್ಟಿದ್ರೆ ಸಾಕು. ಮುಂಚೆ ಒತ್ತಿ ಹಿಡ್ಕೋಬೇಕಿತ್ತು, ಅಷ್ಟರಲ್ಲಿ ಬ್ರೇಕ್ ಒತ್ತಡ ಹೆಚ್ಚುಕಮ್ಮಿ ಆಗೋದು. ಲಗೂನಾ ಸೆಕಾ ರೇಸ್ ಟ್ರ್ಯಾಕಲ್ಲಿ ಕೊನೇ ತಿರುವು, ಹನ್ನೊಂದನೇದು, ತುಂಬಾ ನಿಧಾನದ್ದು, ಜೋರಾಗಿ ಬಂದು ಸೆಕೆಂಡಿಗೆ ಇಳೀಬೇಕು, ಅಲ್ಲಿ ಹಿಂದಿನ ಚಕ್ರ ಒಂದು ಕ್ಷಣ ಕೂಡ ಲಾಕ್ ಆಗ್ಲಿಲ್ಲ. ಆ ದಿನ ನನಗಾದ ಖುಷಿ ಹೇಳೋಕಾಗಲ್ಲ, ಗಾಡಿ ನನ್ನ ಕಾಲಿನ ಮಾತು ಕೇಳ್ತಿದೆ ಅನ್ನಿಸ್ತು.

ತೊಂದ್ರೆ ಇಲ್ವಾ ಅಂದ್ರೆ ಇದೆ. ಏರಿನಲ್ಲಿ ಸಿಗ್ನಲ್ಲಿಂದ ಎತ್ತೋದು ಮೊದಲೆರಡು ವಾರ ಕಷ್ಟ ಆಯ್ತು, ಹಳೇದ್ರಲ್ಲಿ ಚಕ್ರದ ಭಾರವೇ ಸ್ವಲ್ಪ ಎಳ್ಕೊಂಡು ಹೋಗ್ತಿತ್ತು, ಇದ್ರಲ್ಲಿ ಆ ಉಳಿತಾಯ ಇಲ್ಲ, 1,500 ಹತ್ತಿರ ಇಟ್ಕೊಂಡು ಕ್ಲಚ್ ನಿಧಾನಕ್ಕೆ ಬಿಡ್ಬೇಕು. ನನ್ನ ಹೆಂಡತಿ ಸ್ಯಾನ್ ಫ್ರಾನ್ಸಿಸ್ಕೋದ ಏರಲ್ಲಿ ಮೂರು ಸಲ ಆಫ್ ಮಾಡ್ಕೊಂಡ್ಲು, ಆಮೇಲೆ ಅವಳಿಗೂ ಅಭ್ಯಾಸ ಆಯ್ತು. ಎಸಿ ಆನ್ ಆದಾಗ ಐಡಲ್ (ಗಾಡಿ ನಿಂತಿದ್ದಾಗಿನ ಇಂಜಿನ್ ವೇಗ) ಒಂದ್ಸಲ ಕುಸಿದು ಮೇಲೆ ಬರತ್ತೆ, 850ರಿಂದ 900 ದಾಟಿಸಿ ಇಟ್ಮೇಲೆ ಸರಿ ಹೋಯ್ತು. ನ್ಯೂಟ್ರಲಲ್ಲಿ ಗೇರ್‌ಬಾಕ್ಸಿಂದ ಸಣ್ಣ ಗಡಗಡ ಸದ್ದು ಬರತ್ತೆ, ಕ್ಲಚ್ ಒತ್ತಿದ್ರೆ ನಿಲ್ಲತ್ತೆ, ಅದು ರೋಗ ಅಲ್ಲ. 1996ರ ನಂತರದ ಗಾಡಿಗಳಲ್ಲಿ ಕಂಪ್ಯೂಟರ್ ಕ್ರಾಂಕ್ ವೇಗದ ಏರಿಳಿತ ನೋಡಿ ಮಿಸ್‌ಫೈರ್ (ಸಿಲಿಂಡರಲ್ಲಿ ಬೆಂಕಿ ಸರಿಯಾಗಿ ಹತ್ತಿಲ್ಲ) ಅಂತ ತಪ್ಪು ತಿಳ್ಕೊಂಡು ಎಚ್ಚರಿಕೆ ಲೈಟ್ ಹಾಕೋದೂ ಉಂಟು. ಡ್ಯುಯಲ್ ಮಾಸ್ ಫ್ಲೈವೀಲ್ (ಎರಡು ಭಾಗ, ನಡುವೆ ನಡುಕ ತಡೆಯೋ ಸ್ಪ್ರಿಂಗ್) ಇರೋ ಗಾಡೀಲಿ ಇಂಥದ್ದು ಹಾಕಿದ್ರೆ ಸದ್ದು ಇನ್ನೂ ಜೋರು, ಅಂಥವರು ಯೋಚಿಸಿ.

ನನಗಾದ ದೊಡ್ಡ ನೋವು ಫಿಟಿಂಗಲ್ಲಿ. ಹೊಸ ಫ್ಲೈವೀಲ್ ತುಕ್ಕು ಹಿಡೀಬಾರ್ದು ಅಂತ ಎಣ್ಣೆ ಸವರಿ ಕಳಿಸ್ತಾರೆ, ಹಾಕೋಕೆ ಮುಂಚೆ ಬ್ರೇಕ್ ಕ್ಲೀನರಿಂದ ಒರೆಸಿ ಒಣಗಿಸ್ಬೇಕು. ನಾನು ಕೊಟ್ಟ ಗ್ಯಾರೇಜಲ್ಲಿ ಒರೆಸದೇ ಕೂರಿಸಿದ್ರು, ಮೊದಲ ದಿನದಿಂದಲೇ ಕ್ಲಚ್ ಬಿಟ್ರೆ ಇಡೀ ಗಾಡಿ ನಡುಗೋದು. ಮತ್ತೆ ಗೇರ್‌ಬಾಕ್ಸ್ ಇಳಿಸಿ ನೋಡಿದ್ರೆ ಕ್ಲಚ್ ಪ್ಲೇಟ್ ಮೇಲೆ ಕಂದು ಬಣ್ಣದ ಜಿಡ್ಡು, ಮುಟ್ಟಿದ್ರೆ ಬೆರಳಿಗೆ ಅಂಟೋದು. ಹೊಸ ಪ್ಲೇಟ್, ಇನ್ನೊಂದ್ಸಲ ಲೇಬರ್, ಬಹಳ ಬೇಜಾರಾಯ್ತು. ಎರಡನೇ ಸಲ ಪಕ್ಕದಲ್ಲೇ ನಿಂತಿದ್ದೆ. ಬೋಲ್ಟುಗಳಿಗೆ ಸೀಲಂಟ್ ಹಚ್ಚಿದ್ರಾ, ಟಾರ್ಕ್ ರೆಂಚಲ್ಲಿ ಎದುರುಬದುರಾಗಿ ಬಿಗಿ ಮಾಡಿದ್ರಾ, ಹಿಂದಿನ ಆಯಿಲ್ ಸೀಲು, ಪೈಲಟ್ ಬೇರಿಂಗ್ ಹೊಸದು ಹಾಕಿದ್ರಾ, ಇಷ್ಟನ್ನೂ ನೀವೇ ಕೇಳಿ. ಆಮೇಲೆ ಸುಮಾರು 500 ಮೈಲಿ ಊರೊಳಗೇ ನಿಧಾನವಾಗಿ ಓಡಿಸಿ ಕ್ಲಚ್ ಪಳಗಿಸಿದೆ, ಇವತ್ತಿನವರೆಗೂ ಒಂದು ನಡುಕ ಇಲ್ಲ.

ಅಲ್ಯೂಮಿನಿಯಂದು ಇನ್ನೂ ಹಗುರ, ಕ್ಲಚ್ ಉಜ್ಜೋ ಜಾಗಕ್ಕೆ ಮಾತ್ರ ಸ್ಟೀಲ್ ಬಳೆ ಕೂರಿಸಿರ್ತಾರೆ, ರೇಸಿಗೇ ಮೀಸಲಿರೋ ಗಾಡಿಗೆ ಸರಿ. ದಿನಾ ಆಫೀಸಿಗೂ ಹೋಗಿ ವಾರದ ಕೊನೆಗೆ ಬೆಟ್ಟ ಹತ್ತೋ ನನ್ನಂಥವರಿಗೆ ಈ ಸ್ಟೀಲೇ ಸಾಕು.

ಅವತ್ತು ಫೋನಲ್ಲಿ ಸ್ವಲ್ಪ ಹೇಳಿದ್ದಕ್ಕೇ ಆ ತಮ್ಮ ಅಂದ, "ಹಂಗಾದ್ರೆ ನನ್ನ ಹಳೇ ಹೋಂಡಾ ಸಿಟಿ ವಿಟೆಕ್ ಫ್ಲೈವೀಲನ್ನ ಇಲ್ಲೇ ಲೇತಿಗೆ ಕೊಟ್ಟು ಕೆತ್ತಿಸ್ಬಿಡ್ಲಾ ಅಣ್ಣಾ, ಕಮ್ಮೀಲಿ ಆಗತ್ತೆ". ಬೇಡ ಕಣೋ ಅಂತ ಗಟ್ಟಿಯಾಗೇ ಹೇಳಿದೆ. ಕಂಪನಿಯಿಂದ ಬರೋದು ಸಾಮಾನ್ಯವಾಗಿ ಎರಕದ ಕಬ್ಬಿಣ, ಎಳೆತ ತಡ್ಕೊಳ್ಳೋ ಶಕ್ತಿ ಕಮ್ಮಿ, ತೆಳ್ಳಗೆ ಮಾಡಿ 7,000ದಲ್ಲಿ ತಿರುಗಿಸಿದ್ರೆ ಬಿರುಕು ಬಿಟ್ಟು ಚೂರಾಗ್ಬೋದು, ಚೂರಾದ್ರೆ ಮಧ್ಯೆ ಇರೋದು ಗೇರ್‌ಬಾಕ್ಸಿನ ತೆಳು ಕವಚ, ಅದರಾಚೆ ನಿನ್ನ ಕಾಲು. ಅದಕ್ಕೇ ಅಂತ ಮಾಡಿದ ಸ್ಟೀಲಿಂದು ಸಿಗೋವರೆಗೂ ಹಳೇದೇ ಇರ್ಲಿ, ಮುಂದಿನ ಸಲ ಊರಿಗೆ ಬರೋವಾಗ ಲಗೇಜಲ್ಲಿ ನಾನೇ ಹಾಕ್ಕೊಂಡು ಬರ್ತೀನಿ, ನಾಲ್ಕೇ ಕೆಜಿ ತಾನೇ ಅಂದೆ.