ಶಂಕರಪುರದ ಮಲ್ಲಿಗೆ ತೋಟದ ವಾಸ್ತವ್ಯ: ವಸಂತಕ್ಕೆ ತಕ್ಕ ಆತಿಥ್ಯ

ಉಡುಪಿ ಜಿಲ್ಲೆಯ ಕಟಪಾಡಿಯಿಂದ ಒಳಗೆ, ಶಂಕರಪುರದ ಸಮೀಪ, ಮಲ್ಲಿಗೆ ಕೃಷಿಯನ್ನೇ ನಂಬಿರುವ ಕುಟುಂಬವೊಂದು ತನ್ನ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಕೊಡುತ್ತದೆ. ನಸುಕಿನಲ್ಲಿಯೇ ಮನೆಯವರೊಂದಿಗೆ ಮೊಗ್ಗು ಕೊಯ್ಯಲು ಹೋಗುವ ಅವಕಾಶವೇ ಇಲ್ಲಿನ ನಿಜವಾದ ಆಕರ್ಷಣೆ. ಕೊಯ್ದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟುತ್ತಲೇ ಮನೆಯ ಹಿರಿಯಮ್ಮನವರು, 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕವನ್ನೂ, ಮದುವೆಯ ದಿನಗಳಲ್ಲಿ ದರ ಏರುವ ಬಗೆಯನ್ನೂ ವಿವರಿಸುತ್ತಾರೆ. ಮೊದಲ ಚೆಂಡನ್ನು ಅವರು ಮಾರಾಟಕ್ಕೆ ಕಳುಹಿಸದೆ ದೇವರಿಗೆ ಏರಿಸುತ್ತಾರೆ. ಭೂಮಿ ಕೊಟ್ಟದ್ದಕ್ಕೆ ಇಷ್ಟಾದರೂ ಸಲ್ಲಬೇಕು ಎಂಬ ಅವರ ಮಾತಿನಲ್ಲಿ ಅತಿಥಿಗಳನ್ನು ಮೆಚ್ಚಿಸುವ ಉದ್ದೇಶ ನನಗೆ ಕಾಣಲಿಲ್ಲ.

ತೋಟದಂಚಿನ ಸುರಗಿ ಮರದ ಕೊಂಬೆಗಳಿಗೇ ಅಂಟಿಕೊಂಡು ಅರಳಿದ ಹೂಗಳು ಒಣಗಿದ ಮೇಲೂ ಪರಿಮಳ ಕಳೆದುಕೊಳ್ಳುವುದಿಲ್ಲವಾದ್ದರಿಂದ, ಆ ಮರವೊಂದಕ್ಕಾಗಿಯೇ ಮಾರ್ಚ್ ತಿಂಗಳನ್ನು ಆರಿಸಿಕೊಳ್ಳಬಹುದು. ಗೇರು, ಮಾವುಗಳ ಹೂವೂ ಇವೆ. ಊಟ ಸರಳವಾದುದು: ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಪುನರ್ಪುಳಿ (ಕೋಕಂ) ಸಾರು.

ಕೋಣೆಗಳಲ್ಲಿ ಫ್ಯಾನ್ ಮಾತ್ರ ಇರುವುದರಿಂದ ಮಧ್ಯಾಹ್ನದ ಸೆಕೆಯನ್ನು ಸಹಿಸಲೇಬೇಕು. ಐಷಾರಾಮ ಬಯಸುವವರಿಗೆ ಮಲ್ಪೆಯ ಕಡಲತೀರದ ವಸತಿಗೃಹಗಳೇ ಮೇಲು. ಉಳಿದವರು ಮುಂಚಿತವಾಗಿ ಫೋನ್ ಮಾಡಿ ಕೋಣೆ ಕಾದಿರಿಸಿಕೊಳ್ಳುವುದು ಒಳಿತು.