ಪಿನ್ ಕೋಡಿಗೆ ನಾಲ್ಕೂವರೆ ಸ್ಟಾರ್: ಚಟ್ನಿಪುಡಿ ಮಾರುವವಳ ರಿವ್ಯೂ

ಮಿಕ್ಸರಿಗೆ ರಿವ್ಯೂ ಬರೆದಿದ್ದೇನೆ, ತೂಕದ ಮಷೀನಿಗೆ ಬರೆದಿದ್ದೇನೆ, ಮುಚ್ಚಳ ಸರಿಯಾಗಿ ಕೂರದ ಪ್ಲಾಸ್ಟಿಕ್ ಡಬ್ಬಿಗೆ ಬೈದು ಎರಡು ಪುಟ ಬರೆದಿದ್ದೇನೆ. ದಿನಾ ಬಳಸೋ ಒಂದು ಸಾಮಾನಿಗೆ ಮಾತ್ರ ಇವತ್ತಿನವರೆಗೆ ಬರೆದಿರಲಿಲ್ಲ. ಯಾಕೆಂದರೆ ಅದಕ್ಕೆ ನಾನು ಒಂದು ಪೈಸೆಯೂ ಕೊಟ್ಟಿಲ್ಲ. ಅದು ಪಿನ್ ಕೋಡ್.

ನನ್ನದು ಮುಂಬಯಿ ಹತ್ತಿರದ ಡೊಂಬಿವಲಿ. ಮನೆಯಲ್ಲೇ ಚಟ್ನಿಪುಡಿ ಕುಟ್ಟಿ ಮಾರುತ್ತೇನೆ. ಶೇಂಗಾ, ಗುರೆಳ್ಳು, ಅಗಸಿ, ಮೂರೇ ಬಗೆ. ತವರು ಧಾರವಾಡದ ಕಡೆ, ಮದುವೆಯಾಗಿ ಇಲ್ಲಿಗೆ ಬಂದು 22 ವರ್ಷ. ಗಿರಾಕಿಗಳು ಹೆಚ್ಚಿನವರು ನಮ್ಮವರೇ. ಪುಣೆಯ ಐಟಿ ಹುಡುಗರು, ಗೋವಾದ ವಾಸ್ಕೊದಲ್ಲಿರೋ ಬಾಗಲಕೋಟೆಯವರು, ದಿಲ್ಲಿಗೆ ವರ್ಗವಾಗಿ ಹೋದವರು. ರೊಟ್ಟಿಯನ್ನೂ ಕಳಿಸಿ ಅಂತ ಕೇಳ್ತಾರೆ. ಒಮ್ಮೆ ಕಳಿಸಿ ನೋಡಿದೆ. ತಲುಪುವ ಹೊತ್ತಿಗೆ ಅದೂ ಪುಡಿಯೇ ಆಗಿತ್ತು. ಈಗ ಬರೀ ಚಟ್ನಿಪುಡಿ.

ವಾರಕ್ಕೆ ಮೂವತ್ತು ಡಬ್ಬಿ ಅಂದರೆ ಮೂವತ್ತು ಲೇಬಲ್. ಸಂಜೆ ಅಡುಗೆ ಮುಗಿಸಿ ಊಟದ ಟೇಬಲ್ ಮೇಲೆ ಕೂತು ನಾನೇ ಕೈಯಿಂದ ಬರೆಯುತ್ತೇನೆ. ಬರೆದೂ ಬರೆದೂ ನನಗೀಗ ಮನುಷ್ಯರ ಮುಖಕ್ಕಿಂತ ಮೊದಲು ಅವರ ಆರು ಅಂಕಿ ನೆನಪಾಗುತ್ತದೆ. ವಾಸ್ಕೊದ ಅಕ್ಕ 403802. ನಮ್ಮ ಯಜಮಾನರು ಇದನ್ನು ಕೇಳಿ ನಗ್ತಾರೆ. ಅವರಿಗೆ ನಮ್ಮ ಮನೆಯದೇ ನೆನಪಿಲ್ಲ.

ಈ ಸಾಮಾನು ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ಹೇಳಿಬಿಡ್ತೀನಿ, ಆಮೇಲೆ ದೂರು. ನಮ್ಮದು 421201. ಮೊದಲ 4 ಅಂದರೆ ಮಹಾರಾಷ್ಟ್ರ, ಗೋವಾ, ಮಧ್ಯಪ್ರದೇಶ, ಛತ್ತೀಸಗಡ ಎಲ್ಲ ಸೇರಿದ ದೊಡ್ಡ ವಲಯ. ಕರ್ನಾಟಕ 5ರಲ್ಲಿ ಬರುತ್ತದೆ, ಆಂಧ್ರ ಮತ್ತು ತೆಲಂಗಾಣದ ಜೊತೆ. ಮೊದಲ ಎರಡು ಅಂಕಿ ಸೇರಿಸಿದರೆ ಅಂಚೆಯ ಸರ್ಕಲ್ ಸಿಗುತ್ತದೆ: 40ರಿಂದ 44 ಮಹಾರಾಷ್ಟ್ರ, 56ರಿಂದ 59 ಕರ್ನಾಟಕ. ಗೋವಾ ಬೇರೆ ರಾಜ್ಯವಾದರೂ ಅಂಚೆಯ ಲೆಕ್ಕದಲ್ಲಿ ಮಹಾರಾಷ್ಟ್ರ ಸರ್ಕಲ್ಲಿನಲ್ಲೇ ಇದೆ, ಅದಕ್ಕೇ ಅಲ್ಲಿ 403. ಮೊದಲ ಮೂರು ಅಂಕಿ ವಿಂಗಡಣೆಯ ಜಿಲ್ಲೆ. ಕೊನೆಯ ಮೂರು, ಆ ಜಿಲ್ಲೆಯೊಳಗೆ ಡೆಲಿವರಿ ಮಾಡೋ ಪೋಸ್ಟಾಫೀಸು.

ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಪಿನ್ ಕೋಡ್ ನಿಮ್ಮ ಮನೆಯ ನಂಬರ್ ಅಲ್ಲ, ನಿಮ್ಮ ಬೀದಿಯದೂ ಅಲ್ಲ. ನಿಮ್ಮ ಪೋಸ್ಟ್‌ಮ್ಯಾನ್ ಬೆಳಿಗ್ಗೆ ಯಾವ ಆಫೀಸಿನಿಂದ ಚೀಲ ಹೆಗಲಿಗೇರಿಸಿ ಹೊರಡುತ್ತಾನೋ ಆ ಆಫೀಸಿನ ನಂಬರ್. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪೋಸ್ಟಾಫೀಸುಗಳಿವೆ, ಪಿನ್ ಕೋಡ್‌ಗಳು ಮಾತ್ರ 19 ಸಾವಿರ ಚಿಲ್ಲರೆ. ಹಳ್ಳಿಯ ಎಷ್ಟೋ ಸಣ್ಣ ಆಫೀಸುಗಳು ಒಂದೇ ನಂಬರ್ ಹಂಚಿಕೊಳ್ಳುತ್ತವೆ. ಇಲ್ಲಿಂದ ಹೊರಟ ಡಬ್ಬಿಯನ್ನು ವಿಂಗಡಿಸುವವರು ಬೀದಿ, ಬಿಲ್ಡಿಂಗ್ ಏನೂ ನೋಡಬೇಕಿಲ್ಲ. ಮೊದಲ ಅಂಕಿಗಳನ್ನು ನೋಡಿ ಸರಿಯಾದ ಚೀಲಕ್ಕೆ ಹಾಕಿದರೆ ಸಾಕು. ಬೀದಿ ಹುಡುಕೋದು ಕೊನೆಯ ಆಫೀಸಿನ ಕೆಲಸ. ಅಲ್ಲಿ ಪೋಸ್ಟ್‌ಮ್ಯಾನ್ ತಾನು ನಡೆಯೋ ದಾರಿಯ ಕ್ರಮದಲ್ಲಿ ಟಪಾಲು ಜೋಡಿಸಿಕೊಳ್ಳುತ್ತಾನೆ.

ಇದು ನಿಜವೋ ಅಂತ ನಾನು ಪರೀಕ್ಷೆ ಮಾಡಿದ್ದೇನೆ. ಹೋದ ದೀಪಾವಳಿಗೆ ಅವ್ವನಿಗೆ ಒಂದು ಡಬ್ಬಿ ಕಳಿಸಿದೆ. ವಿಳಾಸ ಪೂರ್ತಿ ಕನ್ನಡದಲ್ಲಿ, ಊರು, ಜಿಲ್ಲೆ ಎಲ್ಲ. ಪಿನ್ ಕೋಡಿನ ಅಂಕಿ ಮಾತ್ರ ಎಲ್ಲರೂ ಓದೋ ಅಂಕಿ. ಕೌಂಟರಿನ ಮರಾಠಿ ಹುಡುಗಿ ಡಬ್ಬಿಯನ್ನು ಅತ್ತ ಇತ್ತ ತಿರುಗಿಸಿ ನೋಡಿದಳು. ಒಂದಕ್ಷರ ಓದಲು ಬರಲಿಲ್ಲ, ಆರು ಅಂಕಿ ಮಾತ್ರ ಟೈಪ್ ಮಾಡಿದಳು. ಕಂಪ್ಯೂಟರಿನಲ್ಲಿ ನಮ್ಮ ಊರಿನ ಕಡೆಯ ಆಫೀಸಿನ ಹೆಸರು ಬಂತು. ನಾಲ್ಕನೇ ದಿನ ಅವ್ವನ ಫೋನು: "ಪೋಸ್ಟಣ್ಣ ಬಂದಿದ್ದ. ನಿಮ್ಮ ಮಗಳ ಅಕ್ಷರ ಸಾಲ್ಯಾಗ ಇದ್ದಂಗ ಅದ ನೋಡ್ರಿ ಅಂದ." ಕನ್ನಡ ಓದಬೇಕಾದವನು ಕೊನೆಯಲ್ಲಿದ್ದ. ಅವನು ಓದಿದ. ನಡುವಿನವರಿಗೆಲ್ಲ ಅಂಕಿ ಸಾಕಾಯಿತು.

ಇದನ್ನು ಮಾಡಿದ ಉದ್ದೇಶವೂ ಅದೇ. ಒಂದೇ ಹೆಸರಿನ ಊರು ಹತ್ತಾರು, ಬರೆಯೋ ಭಾಷೆ ಹತ್ತಾರು, ಅಕ್ಷರ ನೋಡಿದರೆ ಡಾಕ್ಟರ್ ಚೀಟಿ. 1972ರ ಆಗಸ್ಟ್ 15ಕ್ಕೆ, ಸ್ವಾತಂತ್ರ್ಯಕ್ಕೆ 25 ತುಂಬಿದ ದಿನ, ಪಿನ್ ಜಾರಿಗೆ ಬಂತು. ಹಿಂದಿನ ತಲೆ ಶ್ರೀರಾಮ ಭಿಕಾಜಿ ವೇಲಣಕರ ಅವರದು. ಕೇಂದ್ರದ ಸಂಪರ್ಕ ಸಚಿವಾಲಯದಲ್ಲಿ ದೊಡ್ಡ ಅಧಿಕಾರಿ, ಕೊಂಕಣದ ಮನುಷ್ಯ, ಜೊತೆಗೆ ಸಂಸ್ಕೃತ ಕವಿ. ಕೊನೆಯ ದಿನಗಳನ್ನು ಮುಂಬಯಿಯಲ್ಲೇ ಕಳೆದರು. ಪದ್ಯ ಬರೆಯೋರಿಗೆ ಮಾತ್ರೆ ಎಣಿಸೋ ಅಭ್ಯಾಸ ಇರುತ್ತದಲ್ಲ, ಅದು ಇಲ್ಲೂ ಕೆಲಸಕ್ಕೆ ಬಂತು ಅಂತ ನನಗನ್ನಿಸುತ್ತದೆ. ಅಂದಹಾಗೆ ಪಿನ್ ಅಂದರೆ ಪೋಸ್ಟಲ್ ಇಂಡೆಕ್ಸ್ ನಂಬರ್, ಅದರಲ್ಲೇ ನಂಬರ್ ಅನ್ನೋ ಪದ ಅಡಗಿದೆ. ಅದಕ್ಕೆ ಮತ್ತೆ ಕೋಡ್, ಮತ್ತೆ ನಂಬರ್ ಅಂತ ಸೇರಿಸೋದು ನಾವೇ. ಗೇಟ್ ಬಾಗಿಲು ಅಂದ ಹಾಗೆ.

ಎಲ್ಲವನ್ನೂ ಸೊನ್ನೆಯಿಂದ ಶುರು ಮಾಡಲಿಲ್ಲ ಅನ್ನೋದು ನನಗೆ ಮೆಚ್ಚುಗೆಯಾದ ಸಂಗತಿ. ಮಾವನವರ ಟ್ರಂಕಿನಲ್ಲಿ 1968ರ ಒಂದು ಇನ್‌ಲ್ಯಾಂಡ್ ಲೆಟರ್ ಇದೆ. ಆಗ ಅವರೆಲ್ಲ ಮಾಟುಂಗಾದಲ್ಲಿ ಒಂದೇ ಖೋಲಿಯಲ್ಲಿ ಏಳು ಜನ ಇದ್ದರು. ವಿಳಾಸದ ಕೊನೆಗೆ ಮುಂಬಯಿ-19 ಅಂತಿದೆ. ದೊಡ್ಡ ಊರುಗಳಿಗೆ ಮಾತ್ರ ಆಗ ಇಂಥ ನಂಬರ್ ಇತ್ತು. ಇವತ್ತಿನ ಮಾಟುಂಗಾ ಎಷ್ಟು ಹೇಳಿ? 400019. ಹಳೇ 19ರ ಮುಂದೆ ಹೊಸ ಅಂಕಿ ಸೇರಿಸಿದರು, ಅಷ್ಟೇ. ಬೆಂಗಳೂರಿನ ಬಸವನಗುಡಿಯವರೂ ಬೆಂಗಳೂರು-4 ಅಂತ ಬರೆಯುತ್ತಿದ್ದರು, ಈಗ 560004. ಪುಣೆಯ ಡೆಕ್ಕನ್ ಜಿಮಖಾನಾದ್ದು 411004. ಹಳಬರು ಹೊಸದಾಗಿ ಉರು ಹೊಡೆಯಬೇಕಾಗಿ ಬರಲಿಲ್ಲ. ಊರನ್ನು ಹೀಗೆ ತುಂಡು ಮಾಡೋ ಉಪಾಯ ಲಂಡನ್ನಿನವರದು, 1850ರ ದಶಕದ ಕೊನೆಯದು. ಜರ್ಮನಿಯವರು 1941ರಲ್ಲಿ ಇಡೀ ದೇಶಕ್ಕೆ ಅಂಕಿ ಕೊಟ್ಟರು, ಅಮೆರಿಕದ ಐದು ಅಂಕಿಯ ಜಿಪ್ ಕೋಡ್ 1963ರದ್ದು. ನಾವು ತಡವಾಗಿ ಬಂದೆವು, ಒಂದಂಕಿ ಜಾಸ್ತಿ ಇಟ್ಟುಕೊಂಡೇ ಬಂದೆವು.

ಮುಂಬಯಿ-1 ಅಂದರೆ ಜಿಪಿಒ, ಊರಿನ ದೊಡ್ಡ ಪೋಸ್ಟಾಫೀಸು, ಸಿಎಸ್‌ಎಂಟಿ ಸ್ಟೇಷನ್ ಪಕ್ಕದಲ್ಲಿ, ಈಗ 400001. ವಿಜಯಪುರದ ನಮ್ಮ ದೊಡ್ಡಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲಿ ನಿಂತು ತಲೆ ಎತ್ತಿ ನೋಡಿ, "ಏ, ನಮ್ಮ ಗೋಲಗುಮ್ಮಟ ಇಲ್ಯಾಕ ತಂದಿಟ್ಟಾರ!" ಅಂದ. ಸುಮ್ನೆ ಅಂದದ್ದಲ್ಲ. ಜಾನ್ ಬೆಗ್ ಅನ್ನೋ ವಾಸ್ತುಶಿಲ್ಪಿ ಗೋಲಗುಮ್ಮಟವನ್ನೇ ಮನಸ್ಸಿನಲ್ಲಿಟ್ಟುಕೊಂಡು ಇದರ ನಕ್ಷೆ ಮಾಡಿದ್ದು. 1904ರಲ್ಲಿ ಶುರುವಾಗಿ 1913ರಲ್ಲಿ ಕಟ್ಟಡ ಮುಗಿಯಿತು. ಗುಮ್ಮಟದ ಕೆಳಗೆ ನಿಂತು ದೊಡ್ಡಪ್ಪ ಒಂದು ಕೂಗು ಹಾಕಿ ನೋಡಿದ, ಪ್ರತಿಧ್ವನಿ ಬರುತ್ತದೇನೋ ಅಂತ. ಪ್ರತಿಧ್ವನಿ ಬರಲಿಲ್ಲ, ವಾಚ್‌ಮನ್ ಬಂದ.

ಇನ್ನು ದೂರು. ಮೊದಲನೆಯದು ನಮ್ಮ ಮನೆಯ ಮೇಲೆಯೇ. ಹುಬ್ಬಳ್ಳಿಯ ಹೊಸೂರಿನ ಒಬ್ಬರು ಎರಡು ಕಿಲೋ ಆರ್ಡರ್ ಕೊಟ್ಟಿದ್ದರು, ಪಿನ್ ಕಳಿಸಿರಲಿಲ್ಲ. ಮಗನಿಗೆ ಹೇಳಿದೆ, ನೋಡಿ ಬರೆದುಬಿಡು ಅಂತ. ಅವನು ಫೋನಿನಲ್ಲಿ ಹೊಸೂರು ಅಂತ ಹುಡುಕಿ ಮೊದಲು ಕಂಡದ್ದನ್ನು ಬರೆದ: 635109. ಮೊದಲ ಅಂಕಿ 6 ಅಂದರೆ ತಮಿಳುನಾಡು, ಕೇರಳ. ಅದು ಬೆಂಗಳೂರಿನಾಚೆಯ ಹೊಸೂರು! ಕೆಳಗೆ ಹುಬ್ಬಳ್ಳಿ ಅಂತ ಬರೆದೇ ಇತ್ತು. ಆದರೆ ಅಂಕಿ ನೋಡಿ ವಿಂಗಡಿಸಿದವರದ್ದು ಏನು ತಪ್ಪು? ಟ್ರ್ಯಾಕಿಂಗ್ ನೋಡ್ತಾ ನೋಡ್ತಾ ನನ್ನ ಶೇಂಗಾ ಪುಡಿ ದಕ್ಷಿಣಕ್ಕೆ ಇಳಿದೇ ಇಳಿಯಿತು. ಹದಿನೆಂಟನೇ ದಿನ ವಾಪಸ್ ನಮ್ಮ ಬಾಗಿಲಿಗೆ ಬಂತು. ಅಷ್ಟರಲ್ಲಿ ಹುಬ್ಬಳ್ಳಿಗೆ ಬೇರೆ ಡಬ್ಬಿ ಕಳಿಸಿಯಾಗಿತ್ತು. ತಿರುಗಿ ಬಂದದ್ದನ್ನು ನಾವೇ ತಿಂದೆವು. ಕೆಟ್ಟಿರಲಿಲ್ಲ, ನನ್ನ ಪುಡಿಗೂ ಅದೇ ರಿವ್ಯೂ ಅಂತಿಟ್ಟುಕೊಳ್ಳಿ.

ಎರಡನೆಯದು ಪಿನ್ನಿನದೇ ಕೊರತೆ, ಅರ್ಧ ಸ್ಟಾರ್ ಹೋಗಿದ್ದು ಇದಕ್ಕೆ. ಒಂದಂಕಿ ತಪ್ಪಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಬ್ಯಾಂಕ್ ಕಾರ್ಡ್ ನಂಬರಿನಲ್ಲಿ ಕೊನೆಯ ಅಂಕಿ ಇಡೀ ನಂಬರ್ ಸರಿಯಿದೆಯಾ ಅಂತ ಪರೀಕ್ಷೆ ಮಾಡುತ್ತದೆ. ಪಿನ್ನಿನಲ್ಲಿ ಆ ಏರ್ಪಾಡು ಇಲ್ಲ. ಹುಬ್ಬಳ್ಳಿಯ ಹೆಡ್ ಪೋಸ್ಟಾಫೀಸು 580020. ಅದರ 8 ಅವಸರದಲ್ಲಿ 6ರ ಹಾಗೆ ಕಂಡರೆ 560020, ಬೆಂಗಳೂರಿನ ಶೇಷಾದ್ರಿಪುರ. ಎರಡೂ ನಿಜವಾದ ನಂಬರ್, ಎರಡೂ ಕಡೆ ನಿಜವಾದ ಪೋಸ್ಟ್‌ಮ್ಯಾನ್. ಅದಕ್ಕೇ ನಾನು 8ರ ಸೊಂಟ ಬಿಗಿದು, ಎರಡು ಸೊನ್ನೆ ಒಂದರ ಮೇಲೊಂದು ಇಟ್ಟ ಹಾಗೆ ಬರೆಯುತ್ತೇನೆ. ನಮ್ಮ ಪೋಸ್ಟ್‌ಮನ್ ಕಾಕಾ ಅದನ್ನು ನೋಡಿ, ವಹಿನಿ (ಮರಾಠಿಯಲ್ಲಿ ಅತ್ತಿಗೆ), ನಿಮ್ಮ ಎಂಟು ದೂರದಿಂದಲೇ ಗುರುತು ಸಿಗುತ್ತೆ ಅಂತಾರೆ.

ಡೊಂಬಿವಲಿಯವರಿಗೆ ಇನ್ನೊಂದು ಸಂಕಟವಿದೆ. ನಾವೆಲ್ಲ ಹೊರಗಿನವರಿಗೆ ಮುಂಬಯಿಯಲ್ಲಿದ್ದೇವೆ ಅಂತ ಹೇಳೋರು. ಪಿನ್ ಮಾತ್ರ ಮುಲಾಜಿಲ್ಲದೆ ನಿಜ ಹೇಳುತ್ತದೆ. ಠಾಣೆ, ವಾಶಿ ಕೂಡ 400ರಲ್ಲಿವೆ. ನಾವು 421. ಒಳಗೂ ರೈಲು ಹಳಿ ನಮ್ಮನ್ನು ಎರಡು ಮಾಡಿದೆ: ಪೂರ್ವ 421201, ಪಶ್ಚಿಮ 421202. ಮಗಳ ಗೆಳತಿಯ ಮನೆ ಇಲ್ಲಿಂದ ಹತ್ತು ನಿಮಿಷದ ನಡಿಗೆ, ಬ್ರಿಡ್ಜ್ ದಾಟಿದರಾಯಿತು. ಟಪಾಲಿನ ಲೆಕ್ಕದಲ್ಲಿ ಬೇರೆ ಊರು.

ಪ್ರತಿಸ್ಪರ್ಧಿಗಳನ್ನೂ ನೋಡಿದ್ದೇನೆ. ಒಂದು ಖಾಸಗಿ ಕೊರಿಯರ್ ಮೂರು ತಿಂಗಳು ಬಳಸಿದೆ. ಊರೊಳಗೆ ಚುರುಕು, ಒಪ್ಪಿಕೊಳ್ಳಬೇಕು. ಗದಗ ಜಿಲ್ಲೆಯ ಒಂದು ಹಳ್ಳಿಗೆ ಕಳಿಸಲು ಹೋದಾಗ ಈ ಪಿನ್ ಕೋಡಿಗೆ ಸೇವೆ ಇಲ್ಲ ಅಂದರು. ನನ್ನ ಸಿಟ್ಟು ಏನೆಂದರೆ, ಅವರೂ ಬಳಸೋದು ಇದೇ ಅಂಚೆಯವರ ಅಂಕಿಯನ್ನು, ಅದನ್ನೇ ಹೋಗದಿರಲು ನೆಪ ಮಾಡಿಕೊಳ್ಳೋದು. ಅಂಚೆಯಲ್ಲಿ ಆ ಹಳ್ಳಿಗೆ ಹೋಗುವುದಿಲ್ಲ ಅನ್ನೋ ಮಾತು ನಾನಂತೂ ಕೇಳಿಲ್ಲ.

ಇನ್ನೊಂದು, 2025ರ ಮೇ ತಿಂಗಳಲ್ಲಿ ಬಂದ ಡಿಜಿಪಿನ್. ಅಂಚೆ ಇಲಾಖೆಯವರೇ ಹೈದರಾಬಾದಿನ ಐಐಟಿ ಮತ್ತು ಇಸ್ರೋದವರ ಜೊತೆ ಸೇರಿ ಮಾಡಿದ್ದು. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕ ಮಾಡಿ ಪ್ರತಿಯೊಂದಕ್ಕೂ ಅಕ್ಷರ, ಅಂಕಿ ಬೆರೆತ ಹತ್ತು ಚಿಹ್ನೆ ಕೊಟ್ಟಿದ್ದಾರೆ. ರಾಜ್ಯದ ಗಡಿ ಅದಕ್ಕೆ ಲೆಕ್ಕಕ್ಕಿಲ್ಲ. ಡೊಂಬಿವಲಿಯದೂ 4ರಿಂದ ಶುರು, ಧಾರವಾಡದ್ದೂ 4ರಿಂದ ಶುರು! ಅದೊಂದು ಖುಷಿ ಕೊಟ್ಟಿತು. ಆದರೆ ನಮ್ಮ ಅಡುಗೆಮನೆಗೆ ಒಂದು, ಹಾಲಿಗೆ ಇನ್ನೊಂದು. ಮೇಲಾಗಿ ಅದಕ್ಕೆ ಮಹಡಿ ಗೊತ್ತಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಒಂದರ ಮೇಲೊಂದು ನಾಲ್ಕು ಮನೆ, ನಾಲ್ಕಕ್ಕೂ ಒಂದೇ ಡಿಜಿಪಿನ್. ಹೊಲದ ನಡುವಿನ ಮನೆಗೆ, ಆಂಬ್ಯುಲೆನ್ಸಿಗೆ ಚೆನ್ನಾಗಿ ಒದಗೀತು. ಅದು ಪಿನ್ನಿನ ಜೊತೆಗಿರೋಕೆ ಬಂದದ್ದು, ಜಾಗ ಕಿತ್ತುಕೊಳ್ಳೋಕೆ ಅಲ್ಲ. ಹಾಗೇ ಇರಲಿ. ಹತ್ತು ಚಿಹ್ನೆ ಫೋನಿನಲ್ಲಿ ಅವ್ವನಿಗೆ ಹೇಳೋದು ನನ್ನ ಕೈಲಾಗದ ಕೆಲಸ.

ಆರ್ಡರ್ ಕೊಡೋರಿಗೆ ಒಂದು ಮಾತು: ಪಿನ್ ಗೊತ್ತಿಲ್ಲದಿದ್ದರೆ ಊಹೆ ಮಾಡಬೇಡಿ, ನನ್ನ ಮಗನ ಹಾಗೆ ಹುಡುಕಲೂಬೇಡಿ. ಪಕ್ಕದ ಮನೆಯವರ ಕರೆಂಟ್ ಬಿಲ್ ನೋಡಿ. ಅಂಚೆ ಇಲಾಖೆಯ ವೆಬ್‌ಸೈಟಿನಲ್ಲೂ ಸಿಗುತ್ತದೆ.

ಒಂದು ಗಿರಾಕಿಯ ವಿಳಾಸದಲ್ಲಿ ಮಾತ್ರ ಊರೇ ಇಲ್ಲ. ಬೆಳಗಾವಿ ಕಡೆಯ ಹೆಣ್ಣುಮಗಳು ಹಣ ಹಾಕುತ್ತಾಳೆ, ಡಬ್ಬಿ ಗಂಡನಿಗೆ. ಹೆಸರು, ಯೂನಿಟ್ಟು, 56 ಎಪಿಒ (ಆರ್ಮಿ ಪೋಸ್ಟಾಫೀಸು), ಆಮೇಲೆ 9ರಿಂದ ಶುರುವಾಗೋ ಪಿನ್. 9 ಅಂದರೆ ಸೈನ್ಯದ ಅಂಚೆ. ಅವನು ಮರಳುಗಾಡಿನಲ್ಲಿದ್ದಾನೋ ಹಿಮದಲ್ಲಿದ್ದಾನೋ ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿರೋದಿಲ್ಲ ಎಷ್ಟೋ ಸಲ. ಡಬ್ಬಿಗೆ ಗೊತ್ತಾಗುತ್ತದೆ. ಮೂರು ಸಲ ಹೋಗಿದೆ, ಮೂರು ಸಲವೂ ಮುಟ್ಟಿದೆ. ನಾಳೆ ನಾಲ್ಕನೆಯದು ಹೊರಡುತ್ತದೆ, ಗುರೆಳ್ಳು ಎರಡು ಕಿಲೋ, ಖಾರ ಸ್ವಲ್ಪ ಜಾಸ್ತಿ ಇರಲಿ ಅಂದಿದ್ದಾರೆ.