ವಿ ಆಕಾರದ ಗಿಟಾರ್: ನಾಲ್ಕು ವರ್ಷ ನುಡಿಸಿದ ಮೇಲೆ

ಬಲತೊಡೆಯ ಮೇಲಿಟ್ಟರೆ ಜಾರುತ್ತದೆ. ಜಾರದಂತೆ ತಡೆಯಲು ಎಡಗೈ ನೆಕ್ಕನ್ನು (ಬೆರಳುಗಳಿಂದ ತಂತಿ ಒತ್ತುವ ಉದ್ದನೆಯ ಭಾಗವನ್ನು) ಎತ್ತಿ ಹಿಡಿದುಕೊಂಡೇ ಇರಬೇಕು. ಹಾಗೆ ಭಾರ ಹೊತ್ತ ಕೈಯಿಂದ ಸ್ವರ ಒತ್ತುವುದಾದರೂ ಹೇಗೆ? ಸಾಮಾನ್ಯ ಗಿಟಾರ್ ನುಡಿಸಿ ರೂಢಿಯಾದ ನನಗೆ ಈ ಗಿಟಾರ್ ಮೊದಲ ವಾರದಲ್ಲೇ ಬೇಸರ ತರಿಸಿತ್ತು. ಕೊಂಡ ಬೆಲೆಗೇ ಯಾರಿಗಾದರೂ ಕೊಟ್ಟುಬಿಡೋಣ ಎಂದುಕೊಂಡಿದ್ದೆ. ಈಗ ನಾಲ್ಕು ವರ್ಷ ಕಳೆದಿದೆ. ಮನೆಯಲ್ಲಿರುವ ಮೂರು ಗಿಟಾರುಗಳಲ್ಲಿ ನಾನು ದಿನವೂ ಕೈಗೆತ್ತಿಕೊಳ್ಳುವುದು ಇದನ್ನೇ.

ಜಾರುವ ತೊಂದರೆ ಈ ಆಕಾರದಷ್ಟೇ ಹಳೆಯದು. ಗಿಬ್ಸನ್ ಕಂಪನಿ 1958ರಲ್ಲಿ ಫ್ಲೈಯಿಂಗ್ ವಿ ಗಿಟಾರನ್ನು ಹೊರತಂದಾಗ ವಿಯ ಎರಡು ಕವಲುಗಳಲ್ಲಿ ಕೆಳಗಿನ ರೆಕ್ಕೆಯ ಹೊರ ಅಂಚಿಗೆ ಗೀರುಗಳಿದ್ದ ರಬ್ಬರ್ ಪಟ್ಟಿಯೊಂದನ್ನು ಕೂರಿಸಿತ್ತು. ಕುಳಿತು ನುಡಿಸುವವರ ತೊಡೆಯಿಂದ ಗಿಟಾರ್ ಜಾರದಿರಲಿ ಎಂಬುದೇ ಅದರ ಉದ್ದೇಶ. ನನ್ನದು ಬೇರೊಂದು ಕಂಪನಿಯ, ಕೈಬದಲಾದ ಗಿಟಾರ್. ಆ ಪಟ್ಟಿ ಇದಕ್ಕಿಲ್ಲ. ಸೈಕಲ್ ಟ್ಯೂಬಿನ ತುಂಡೊಂದನ್ನು ಅಂಟಿಸಿ ಎರಡು ತಿಂಗಳು ನುಡಿಸಿದೆ. ಪರವಾಗಿಲ್ಲ ಎನ್ನುವಷ್ಟು ಹಿಡಿತ ಸಿಕ್ಕಿತು. (ನೈಟ್ರೋ ಲ್ಯಾಕರ್ ಎಂಬ ಮೆರುಗೆಣ್ಣೆ ಬಳಿದ ಗಿಟಾರ್ ನಿಮ್ಮದಾಗಿದ್ದರೆ ಹೀಗೆ ಮಾಡಬೇಡಿ. ರಬ್ಬರ್ ತಾಗಿದ ಕಡೆ ಮೇಲ್ಮೈ ಮೆತ್ತಗಾಗಿ ಕಲೆ ಉಳಿದುಬಿಡುತ್ತದೆ.)

ನಿಜವಾದ ಪರಿಹಾರ ಸಿಕ್ಕಿದ್ದು ಕೂರುವ ಭಂಗಿಯನ್ನೇ ಬದಲಿಸಿದಾಗ. ಎರಡು ರೆಕ್ಕೆಗಳ ನಡುವಿನ ಸಂದಿಯನ್ನು ಬಲತೊಡೆಯ ಮೇಲೆ ಕೂರಿಸಬೇಕು. ಕೆಳಗಿನ ರೆಕ್ಕೆ ಎರಡು ಕಾಲುಗಳ ನಡುವೆ ಇಳಿಯುತ್ತದೆ, ಮೇಲಿನ ರೆಕ್ಕೆ ತೊಡೆಯ ಆಚೆಗೆ ಚಾಚಿಕೊಳ್ಳುತ್ತದೆ. ನೆಕ್ ತಾನಾಗಿಯೇ ಎಡಭುಜದ ಕಡೆಗೆ ಓರೆಯಾಗಿ ಏಳುತ್ತದೆ. ಕ್ಲಾಸಿಕಲ್ ಗಿಟಾರ್ ಕಲಿಯುವವರು ಕಾಲ್ಮಣೆಯ ಮೇಲೆ ಎಡಪಾದ ಇಟ್ಟು ಪಡೆಯುವ ಓರೆ ಇಲ್ಲಿ ಕಾಲ್ಮಣೆಯಿಲ್ಲದೆಯೇ ಸಿಗುತ್ತದೆ. ಎಡಮಣಿಕಟ್ಟು ನೇರವಾಗಿರುತ್ತದೆ. ಹೆಬ್ಬೆರಳು ನೆಕ್ಕಿನ ಬೆನ್ನಿನ ಮಧ್ಯದಲ್ಲಿ ನಿಲ್ಲುತ್ತದೆ. ಮೊದಲೆಲ್ಲ ಒಂದು ಗಂಟೆ ಅಭ್ಯಾಸ ಮಾಡಿದರೆ ಮಣಿಕಟ್ಟಿನಲ್ಲಿ ನೋವು ಕಾಣಿಸಿಕೊಳ್ಳುತ್ತಿತ್ತು. ಈ ಭಂಗಿಗೆ ಬಂದ ಮೇಲೆ ಆ ನೋವು ನನ್ನನ್ನು ಬಿಟ್ಟುಹೋಗಿದೆ. ಆದರೆ ಕೈಗಳಿರುವ ಕುರ್ಚಿ ಆಗುವುದಿಲ್ಲ, ಮೇಲಿನ ರೆಕ್ಕೆ ಬಡಿಯುತ್ತದೆ. ಸ್ಟೂಲ್ ಬೇಕು.

ನಾನು ಇದನ್ನು ಮಾರದೆ ಉಳಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಮೇಲಿನ ಫ್ರೆಟ್‌ಗಳು, ಅಂದರೆ ನೆಕ್ಕಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಲ್ಲಿ ಬಾಡಿಯ ಹತ್ತಿರದವು. ಸಾಮಾನ್ಯ ಗಿಟಾರಿನಲ್ಲಿ ಹದಿನೇಳನೆಯ ಫ್ರೆಟ್ ದಾಟಿದರೆ ಅಂಗೈ ಗಿಟಾರಿನ ಬಾಡಿಯನ್ನು ತಾಗುತ್ತದೆ. ಹೆಬ್ಬೆರಳು ನೆಕ್ಕಿನ ಹಿಂಬದಿಯನ್ನು ಬಿಟ್ಟು ಪಕ್ಕಕ್ಕೆ ಸರಿಯಬೇಕಾಗುತ್ತದೆ. ಇಲ್ಲಿ ನೆಕ್ಕಿನ ಎರಡೂ ಬದಿ ಬಯಲು. ರೆಕ್ಕೆಗಳೆರಡೂ ಹಿಂದಕ್ಕೆ ಬಾಗಿರುವುದರಿಂದ ಇಪ್ಪತ್ತೆರಡನೆಯ ಫ್ರೆಟ್‌ವರೆಗೂ ಕೈಗೆ ಅಡ್ಡ ಬರುವುದು ಏನೂ ಇಲ್ಲ. ನಾನು ಹಳೆಯ ಚಿತ್ರಗೀತೆಗಳ ಪಿಟೀಲಿನ ತುಣುಕುಗಳನ್ನು ಗಿಟಾರಿನಲ್ಲಿ ನುಡಿಸುತ್ತೇನೆ. ತಾರಸ್ಥಾಯಿಯಲ್ಲಿ ತಂತಿಯನ್ನು ಎಳೆದು ಗಮಕ ಕೊಡುವಾಗ ಮೂರು ಬೆರಳುಗಳನ್ನು ಒಟ್ಟಿಗೆ ಊರಬೇಕು. ಮೊದಲಿನ ಗಿಟಾರಿನಲ್ಲಿ ಆ ಎತ್ತರದಲ್ಲಿ ಕಿರುಬೆರಳೊಂದೇ ಕಷ್ಟಪಟ್ಟು ಮುಟ್ಟುತ್ತಿತ್ತು, ಎಳೆದ ಸ್ವರ ಶ್ರುತಿ ಮುಟ್ಟುವ ಮೊದಲೇ ಸೋಲುತ್ತಿತ್ತು. ಈಗ ಬೇಕಾದಲ್ಲಿ ನಿಲ್ಲುತ್ತದೆ.

ಎಡಗೈಯವರಿಗೂ ಇದರಿಂದ ಅನುಕೂಲವಿದೆ. ಬ್ಲೂಸ್ ವಾದಕ ಆಲ್ಬರ್ಟ್ ಕಿಂಗ್ ಬಲಗೈಯವರ ಫ್ಲೈಯಿಂಗ್ ವಿಯನ್ನು ತಂತಿಗಳನ್ನೂ ಬದಲಿಸದೆ ತಲೆಕೆಳಗಾಗಿ ಹಿಡಿದು ನುಡಿಸುತ್ತಿದ್ದರು. ಎರಡೂ ಕಡೆ ಒಂದೇ ಆಕಾರವಿರುವ ಬಾಡಿಯನ್ನು ತಿರುಗಿಸಿ ಹಿಡಿದರೂ ಮೇಲಿನ ಫ್ರೆಟ್‌ಗಳ ದಾರಿ ಮುಚ್ಚುವುದಿಲ್ಲ.

ನಿಂತು ನುಡಿಸುವ ಮಾತು ಬೇರೆ. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಆಕಾರದ ಗಿಟಾರಿನಲ್ಲಿ ಬಾಡಿಯ ಮೇಲಿನ ಕೊಂಬು ಹನ್ನೆರಡನೆಯ ಫ್ರೆಟ್‌ನ ಆಸುಪಾಸಿನವರೆಗೆ ಚಾಚಿರುತ್ತದೆ, ಹೆಗಲಿಗೆ ಹಾಕುವ ಸ್ಟ್ರಾಪಿನ ಗುಂಡಿ ಅದರ ತುದಿಯಲ್ಲಿರುತ್ತದೆ. ಆದ್ದರಿಂದ ನೆಕ್ಕಿನ ಭಾರ ಸಮತೂಗುತ್ತದೆ. ವಿ ಗಿಟಾರಿಗೆ ಕೊಂಬೇ ಇಲ್ಲ. ನನ್ನ ಗಿಟಾರಿನಲ್ಲಿ ಗುಂಡಿಯನ್ನು ಬೆನ್ನಿಗೆ, ನೆಕ್ ಬಾಡಿಯನ್ನು ಸೇರುವ ಜಾಗಕ್ಕೆ ಹಾಕಿದ್ದರು. ಬಾಡಿಯ ಮರವೂ ಹಗುರ. ಎಡಗೈ ಬಿಟ್ಟ ಕೂಡಲೇ ಹೆಡ್‌ಸ್ಟಾಕ್ (ನೆಕ್ಕಿನ ತುದಿಯ ತಲೆಭಾಗ) ನೆಲದತ್ತ ಇಳಿಯುತ್ತಿತ್ತು. ಜೊತೆಗೆ ಇಡೀ ಗಿಟಾರ್ ಹೊಟ್ಟೆಯಿಂದ ಮುಂದಕ್ಕೆ ವಾಲುತ್ತಿತ್ತು. ಮೂರು ಹಾಡು ಮುಗಿಯುವಷ್ಟರಲ್ಲಿ ಎಡಭುಜ ಸೋತುಹೋಗುತ್ತಿತ್ತು. ಎರಡನೆಯ ವರ್ಷ ರಿಪೇರಿಯವರೊಬ್ಬರು ಗುಂಡಿಯನ್ನು ಮೇಲಿನ ರೆಕ್ಕೆಯ ಭುಜಕ್ಕೆ ಬದಲಿಸಿಕೊಟ್ಟರು. ವಾಲುವುದು ನಿಂತಿತು. ಮೂರು ಇಂಚು ಅಗಲದ, ಒಳಮೈ ಒರಟಾದ ಚರ್ಮದ ಸ್ಟ್ರಾಪ್ ಹಾಕಿದ ಮೇಲೆ ಹೆಡ್‌ಸ್ಟಾಕ್ ಇಳಿಯುವುದೂ ಬಹುಮಟ್ಟಿಗೆ ಹಿಡಿತಕ್ಕೆ ಬಂತು. ನಯವಾದ ನೈಲಾನ್ ಸ್ಟ್ರಾಪ್ ಮಾತ್ರ ಈ ಗಿಟಾರಿಗೆ ಬೇಡವೇ ಬೇಡ. ಗುಂಡಿ ಎಲ್ಲಿದ್ದರೂ ಮೊದಲ ಫ್ರೆಟ್ ಸಾಮಾನ್ಯ ಗಿಟಾರಿಗಿಂತ ಸ್ವಲ್ಪ ದೂರದಲ್ಲೇ ಇರುತ್ತದೆ. ಮೊದಲ ಫ್ರೆಟ್‌ನಲ್ಲಿ ಒಂದೇ ಬೆರಳಿನಿಂದ ಎಲ್ಲ ತಂತಿಗಳನ್ನೂ ಒತ್ತುವ ಎಫ್ ಬಾರ್ ಕಾರ್ಡ್ ಹಿಡಿಯಲು ತೋಳನ್ನು ಹೆಚ್ಚು ಚಾಚಬೇಕು, ಅದಕ್ಕೆ ಮದ್ದಿಲ್ಲ.

ನಾದದ ವಿಷಯಕ್ಕೆ ಹೆಚ್ಚು ಹೋಗುವುದಿಲ್ಲ. ಎರಡು ಹಂಬಕರ್ ಪಿಕಪ್‌ಗಳಿರುವ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗಗಳಿವು) ಬೇರೆ ಗಿಟಾರುಗಳಿಂದ ನನ್ನ ಕಿವಿಗೆ ದೊಡ್ಡ ವ್ಯತ್ಯಾಸ ಕೇಳಿಸಿಲ್ಲ.

ಮನೆಯಲ್ಲಿ ಇಡುವುದು, ಹೊರಗೆ ಒಯ್ಯುವುದು ಎರಡೂ ದಿನನಿತ್ಯದ ಕಷ್ಟ. ಸಾಮಾನ್ಯ ಸ್ಟ್ಯಾಂಡಿನಲ್ಲಿ ನಿಲ್ಲುವುದಿಲ್ಲ. ಗೋಡೆಗೆ ಕೊಕ್ಕೆ ಹಾಕಿ ಹೆಡ್‌ಸ್ಟಾಕಿನಿಂದ ನೇತುಹಾಕಿದ್ದೇನೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಬ್ಯಾಗಿಗೆ ರೆಕ್ಕೆಗಳು ಹಿಡಿಸುವುದಿಲ್ಲ. ಇದಕ್ಕೆಂದೇ ಮಾಡಿದ ಗಟ್ಟಿ ಪೆಟ್ಟಿಗೆಯನ್ನು ಆಟೋದಲ್ಲಿ ಇಟ್ಟರೆ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗವಿರುವುದಿಲ್ಲ. ಕೆಳಗಿನ ರೆಕ್ಕೆಯ ತುದಿ ಮೂರು ಸಲ ಬಾಗಿಲ ಚೌಕಟ್ಟಿಗೆ ಬಡಿದಿದೆ. ಕಪ್ಪು ಬಣ್ಣ ಚಕ್ಕೆಯೆದ್ದು ಕಡಲೆಕಾಳಿನಷ್ಟು ಜಾಗದಲ್ಲಿ ಬಿಳಿ ಮರ ಕಾಣುತ್ತದೆ. ಬೆರಳಾಡಿಸಿದಾಗಲೆಲ್ಲ ಅಂಚು ಒರಟಾಗಿ ತಾಗಿ ನನಗೆ ಸಂಕಟವಾಗುತ್ತದೆ.

ಗೆಳೆಯನ ಬಳಿ ಎಕ್ಸ್‌ಪ್ಲೋರರ್ ಆಕಾರದ ಗಿಟಾರ್ ಇದೆ. ಅದೂ ಗಿಬ್ಸನ್ ಕಂಪನಿಯ 1958ರ ವಿನ್ಯಾಸವೇ. ತೊಡೆಯ ಮೇಲೆ ಚೆನ್ನಾಗಿ ನಿಲ್ಲುತ್ತದೆ, ಆದರೆ ಮೇಲಂಚು ಬಲ ಮುಂಗೈಯನ್ನು ಒತ್ತಿ ಅರ್ಧ ಗಂಟೆಯಲ್ಲಿ ಕೆಂಪು ಗೆರೆ ಮೂಡಿಸುತ್ತದೆ. ದಿನಕ್ಕೆ ಎರಡು ಗಂಟೆ ಕುಳಿತು ಅಭ್ಯಾಸ ಮಾಡುವವರಿಗೆ ನಾನು ವಿಯನ್ನೇ ಹೇಳುತ್ತೇನೆ. ವಾರಕ್ಕೆರಡು ಕಾರ್ಯಕ್ರಮಗಳಲ್ಲಿ ನಿಂತೇ ನುಡಿಸುವವರಿಗೆ ಹೇಳಲಾರೆ. ಕೊಳ್ಳುವ ಮೊದಲು ಅಂಗಡಿಯವರಿಂದ ಒಂದು ಸ್ಟೂಲ್ ಕೇಳಿ ಪಡೆಯಿರಿ, ಸಂದಿಯನ್ನು ತೊಡೆಯ ಮೇಲೆ ಕೂರಿಸಿ ಅರ್ಧ ಗಂಟೆ ನುಡಿಸಿ. ಆಮೇಲೆ ಸ್ಟ್ರಾಪ್ ಹಾಕಿ ನಿಂತು, ಎರಡೂ ಕೈ ಬಿಟ್ಟು ನೋಡಿ.